ತೊಡೆಯ ಮೇಲಿನ ಲ್ಯಾಪ್‌ಟಾಪ್ ಮೇಜಿಗೆ ಬರಲಿ

ಬೆಳಗ್ಗೆ ಮಗಳ ಕಾಲೇಜಿನ ಪ್ರಾಜೆಕ್ಟ್, ಮಧ್ಯಾಹ್ನ ಅಂಗಡಿಯ ಜಿಎಸ್‌ಟಿ ಲೆಕ್ಕ, ಸಂಜೆ ಮದ್ರಸದಿಂದ ಬಂದ ಮಗನಿಗೆ ಟ್ಯೂಷನ್ ಪಾಠ, ಇಶಾ ನಮಾಝಿನ ಬಳಿಕ ಗಲ್ಫ್‌ನಲ್ಲಿರುವವರ ಜೊತೆ ವಿಡಿಯೋ ಮಾತುಕತೆ. ನಮ್ಮ ಅನೇಕ ಮನೆಗಳಲ್ಲಿ ಇರುವ ಒಂದೇ ಲ್ಯಾಪ್‌ಟಾಪ್‌ಗೆ ಬಿಡುವೆಂಬುದಿಲ್ಲ. ಅದರ ಮುಂದೆ ಕೂರುವವರ ಕುತ್ತಿಗೆಗೂ ಕಣ್ಣಿಗೂ ಬಿಡುವಿಲ್ಲ. ಕುತ್ತಿಗೆ ನೋವಿಗೆ ಮುಲಾಮು ಹಚ್ಚುತ್ತೇವೆ, ಕಣ್ಣುರಿಗೆ ಡ್ರಾಪ್ಸ್ ಹಾಕುತ್ತೇವೆ. ಆದರೆ ಆ ಯಂತ್ರದ ಎರಡು ಬದಿಗಳಲ್ಲಿರುವ ಸಣ್ಣ ಸಣ್ಣ ಕಿಂಡಿಗಳು ಯಾತಕ್ಕೆಂದು ವಿಚಾರಿಸುವವರು ಕಡಿಮೆ. ಚಾರ್ಜರ್ ಮತ್ತು ಪೆನ್‌ಡ್ರೈವ್ ಚುಚ್ಚಿದರೆ ನಮ್ಮ ಪಾಲಿಗೆ ಅವುಗಳ ಕೆಲಸ ಮುಗಿಯಿತು. ನಿಜವೆಂದರೆ ಮುಲಾಮಿಗಿಂತ ಒಳ್ಳೆಯ ಪರಿಹಾರ ಆ ಕಿಂಡಿಗಳಲ್ಲೇ ಇದೆ.

ಮೊದಲು ತೊಂದರೆ ಎಲ್ಲಿದೆ ಎಂದು ನೋಡೋಣ. ಲ್ಯಾಪ್‌ಟಾಪ್‌ನಲ್ಲಿ ಪರದೆಯೂ ಕೀಬೋರ್ಡೂ ಒಂದಕ್ಕೊಂದು ಅಂಟಿಕೊಂಡಿವೆ. ಕೀಬೋರ್ಡ್ ಮೊಣಕೈ ಮಟ್ಟಕ್ಕಿದ್ದರೆ ಪರದೆ ತೀರಾ ಕೆಳಗಾಗುತ್ತದೆ, ಕುತ್ತಿಗೆ ಬಾಗುತ್ತದೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೈಗಳು ಎದೆಯೆತ್ತರಕ್ಕೆ ಹೋಗಿ ಭುಜ ಸೋಲುತ್ತದೆ. ಎರಡೂ ಒಟ್ಟಿಗೆ ಸರಿಯಾಗುವ ಉಪಾಯವೇ ಇಲ್ಲ. ದೊಡ್ಡವರ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ತಲೆ ನೆಟ್ಟಗಿದ್ದಾಗ ಈ ಭಾರವನ್ನು ಬೆನ್ನುಮೂಳೆ ಹೊರುತ್ತದೆ. ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಹಿಂಭಾಗದ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ಒಂದು ಬಿಂದಿಗೆ ನೀರನ್ನು ಸೊಂಟದಲ್ಲಿಟ್ಟು ನಡೆಯುವುದಕ್ಕೂ, ಕೈಚಾಚಿ ಹಿಡಿದು ನಿಲ್ಲುವುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲೂ ಇದೆ.

ನಮ್ಮ ಮನೆಗಳಲ್ಲಿ ಕುರ್‌ಆನನ್ನು ರೇಹಲ್ ಮೇಲಿಟ್ಟು ಓದುತ್ತೇವೆ. ಅದು ಗೌರವಕ್ಕಾಗಿ. ಜೊತೆಗೆ ನೆಲದಲ್ಲಿ ಕೂತವರ ಕಣ್ಣಿನ ಬಳಿಗೆ ಪುಟವೇ ಏರಿ ಬರುವುದರಿಂದ ಓದುವವರು ಅಷ್ಟು ಕುಗ್ಗಬೇಕಾಗುವುದಿಲ್ಲ. ರೇಹಲನ್ನು ಲ್ಯಾಪ್‌ಟಾಪ್‌ಗೆ ಬಳಸಿ ಎಂದು ನಾನು ಹೇಳುತ್ತಿಲ್ಲ. ಅದರ ತತ್ತ್ವವನ್ನು ಬಳಸಿರಿ. ಗಟ್ಟಿಯಾದ ಪೆಟ್ಟಿಗೆಯೋ, ಹಳೆಯ ಟೆಲಿಫೋನ್ ಡೈರೆಕ್ಟರಿಗಳೋ, ಬಡಗಿಯಿಂದ ಮಾಡಿಸಿದ ಸಣ್ಣ ಮಣೆಯೋ ಸಾಕು. ಪರದೆಯ ಮೇಲಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರುವಷ್ಟು ಎತ್ತರಿಸಿ, ಒಂದು ತೋಳಿನಷ್ಟು ದೂರದಲ್ಲಿಡಿ. ಓದಲಿಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವ ಹಿರಿಯರು ಮಾತ್ರ ಪರದೆಯನ್ನು ಇನ್ನೂ ತುಸು ಕೆಳಗಿಡಬೇಕು. ಇಲ್ಲವಾದರೆ ಕನ್ನಡಕದ ಕೆಳಭಾಗದಿಂದ ನೋಡಲು ಅವರು ಗದ್ದ ಎತ್ತಿ ಕುಳಿತುಕೊಳ್ಳುತ್ತಾರೆ. ಅದೂ ಕುತ್ತಿಗೆಗೆ ಕೆಟ್ಟದ್ದೇ.

ಹಾಗೆ ಎತ್ತರಿಸಿದ ಮೇಲೆ ಕೈಗೆ ಬೇರೆಯೇ ಕೀಬೋರ್ಡ್ ಮತ್ತು ಮೌಸ್ ಬೇಕು. ಯುಎಸ್‌ಬಿ ತಂತಿಯ ಸಾಧಾರಣ ಜೋಡಿಗೆ ಆಗುವ ಖರ್ಚು ಒಂದು ಕುಟುಂಬ ಹೋಟೆಲಿಗೆ ಹೋಗಿ ಬಿರಿಯಾನಿ ತಿಂದು ಬರುವುದಕ್ಕಿಂತ ಹೆಚ್ಚಲ್ಲ. ಚುಚ್ಚಿದ ಕ್ಷಣದಿಂದಲೇ ಕೆಲಸ ಮಾಡುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಲ್ಯಾಪ್‌ಟಾಪ್‌ಗೆ ಹಣ ಖರ್ಚು ಮಾಡಲು ಒಂದೇ ಅವಕಾಶವಿದೆ ಎಂದರೆ ನಾನು ಇದನ್ನೇ ಹೇಳುತ್ತೇನೆ, ಬೇರೆಲ್ಲ ಆಮೇಲೆ.

ಕಿಂಡಿಗಳ ಪರಿಚಯ

ಅಗಲವಾದ ಆಯತಾಕಾರದ ಕಿಂಡಿ ಎಲ್ಲರಿಗೂ ಗೊತ್ತಿರುವ ಯುಎಸ್‌ಬಿ. ಇತ್ತೀಚಿನ ಯಂತ್ರಗಳಲ್ಲಿ ಇದರ ಜೊತೆಗೆ ಚಿಕ್ಕದಾದ, ಎರಡು ತುದಿಯೂ ದುಂಡಗಿರುವ ಟೈಪ್-ಸಿ ಕಿಂಡಿ ಇರುತ್ತದೆ. ಇದರಲ್ಲಿ ಪಿನ್ ಯಾವ ಕಡೆಯಿಂದಲೂ ಹೋಗುತ್ತದೆ. ಆದರೆ ನೋಡಲು ಒಂದೇ ರೀತಿ ಇರುವ ಎಲ್ಲ ಟೈಪ್-ಸಿ ಕಿಂಡಿಗಳೂ ಒಂದೇ ಕೆಲಸ ಮಾಡುವುದಿಲ್ಲ. ಕೆಲವು ಫೈಲ್ ಸಾಗಿಸಲಿಕ್ಕೆ ಮಾತ್ರ. ಕೆಲವು ಲ್ಯಾಪ್‌ಟಾಪನ್ನು ಚಾರ್ಜ್ ಮಾಡುತ್ತವೆ. ಕೆಲವು ಚಿತ್ರವನ್ನೂ ಹೊರಗಿನ ಪರದೆಗೆ ಕಳಿಸುತ್ತವೆ. ಪಕ್ಕದಲ್ಲಿ ಮಿಂಚಿನ ಗುರುತಿದ್ದು ಬಾಣದ ತುದಿಯಿದ್ದರೆ ಅದು ಥಂಡರ್‌ಬೋಲ್ಟ್. ಅದು ಚಿತ್ರವನ್ನೂ ಕಳಿಸುತ್ತದೆ. ಗುರುತೇನೂ ಇಲ್ಲದಿದ್ದರೆ ಮಾಡೆಲ್ ನಂಬರ್ ನೋಡಿ ಕಂಪನಿಯ ಕೈಪಿಡಿಯಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಅಡಾಪ್ಟರ್ ಕೊಳ್ಳಿರಿ.

ಎರಡು ಕೆಳಮೂಲೆಗಳನ್ನು ಓರೆಯಾಗಿ ಕತ್ತರಿಸಿದಂತಿರುವುದು ಎಚ್‌ಡಿಎಂಐ. ಮನೆಯ ಟಿವಿಯ ಹಿಂಭಾಗದಲ್ಲೂ ಇದೇ ಕಿಂಡಿ ಇರುತ್ತದೆ. ಒಂದು ಕೇಬಲ್ ಜೋಡಿಸಿ, ವಿಂಡೋಸ್ ಕೀ ಹಿಡಿದು ಪಿ ಒತ್ತಿದರೆ, ಚಿತ್ರ ಎರಡೂ ಕಡೆ ಬೇಕೇ, ಹೊರಗಿನ ಪರದೆಯಲ್ಲಿ ಮಾತ್ರ ಬೇಕೇ ಎಂದು ಯಂತ್ರ ಕೇಳುತ್ತದೆ. ಮೂರು ಮಕ್ಕಳು ಹದಿನಾಲ್ಕು ಇಂಚಿನ ಪರದೆಗೆ ಮುಗಿಬಿದ್ದು ಪಾಠ ಕೇಳುವ ಬದಲು ಐದಾರು ಅಡಿ ದೂರ ಕೂತು ಟಿವಿಯಲ್ಲಿ ಕೇಳಲಿ. ಕಣ್ಣು ಹತ್ತಿರದ ವಸ್ತುವನ್ನು ನೋಡಲು ಒಳಗಿನ ಸ್ನಾಯುವನ್ನು ಬಿಗಿ ಹಿಡಿಯಬೇಕಾಗುತ್ತದೆ, ದೂರದ್ದಕ್ಕೆ ಸಡಿಲಿಸುತ್ತದೆ. ಬೆಳೆಯುವ ಮಕ್ಕಳ ಕಣ್ಣಿಗೆ ಈ ದೂರ ಬಹಳ ಮುಖ್ಯ. ಅಕ್ಷರಗಳನ್ನು ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 125 ಅಥವಾ 150 ಶೇಕಡಾಕ್ಕೆ ದೊಡ್ಡದು ಮಾಡುವುದನ್ನು ಮರೆಯಬೇಡಿ. ಇಲ್ಲವಾದರೆ ಮಕ್ಕಳು ಎದ್ದು ಟಿವಿಯ ಬುಡಕ್ಕೇ ಹೋಗಿ ಕೂರುತ್ತಾರೆ.

ಕಿಂಡಿಗಳು ಸಾಲದಿದ್ದರೆ ಹಬ್ ಎಂಬ ಸಣ್ಣ ಪೆಟ್ಟಿಗೆ ಸಿಗುತ್ತದೆ. ಒಂದನ್ನು ನಾಲ್ಕು ಮಾಡುವ ಈ ಪೆಟ್ಟಿಗೆ ವಿದ್ಯುತ್ತನ್ನೇನೂ ಹುಟ್ಟಿಸುವುದಿಲ್ಲ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿ ಆಂಪಿಯರ್, ಯುಎಸ್‌ಬಿ 3.0 ಕಿಂಡಿ 900. ಅಷ್ಟನ್ನೇ ನಾಲ್ಕು ಜನ ಹಂಚಿಕೊಳ್ಳಬೇಕು. ಕೀಬೋರ್ಡ್, ಮೌಸ್, ಪೆನ್‌ಡ್ರೈವ್‌ಗೆ ಅದು ಧಾರಾಳ. ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಯುಎಸ್‌ಬಿ ಫ್ಯಾನನ್ನು ಅದಕ್ಕೇ ಸಿಕ್ಕಿಸಿದರೆ ಡಿಸ್ಕ್ ನಡುವೆ ನಿಂತು ಫೈಲ್ ಹಾಳಾಗುವ ಸಂಭವವಿದೆ.

ಬಿಸಿಯ ವಿಷಯ

ಹಾಸಿಗೆಯಲ್ಲಿ ಒರಗಿ, ಯಂತ್ರವನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕೂರುವ ಹುಡುಗರು ಪ್ರತಿ ಮನೆಯಲ್ಲಿದ್ದಾರೆ. ಲ್ಯಾಪ್‌ಟಾಪ್ ಎಂಬ ಹೆಸರೇ ತೊಡೆಯನ್ನು ಸೂಚಿಸುತ್ತದಾದರೂ ಹೆಚ್ಚಿನ ಕಂಪನಿಗಳು ತಮ್ಮ ಕೈಪಿಡಿಗಳಲ್ಲಿ ಬಹಳ ಹೊತ್ತು ಮೈಗೆ ತಾಗಿಸಿಡಬೇಡಿ ಎಂದೇ ಬರೆಯುತ್ತವೆ.

ಸುಡುವಷ್ಟಲ್ಲದ ಬಿಸಿ ಒಂದೇ ಜಾಗಕ್ಕೆ ದಿನವೂ ತಾಗಿದರೆ ಚರ್ಮದಲ್ಲಿ ಬಲೆಯಂತೆ ಕಂದು ಗೆರೆಗಳು ಮೂಡುತ್ತವೆ. ನೋವಿರುವುದಿಲ್ಲ, ಆದ್ದರಿಂದ ಯಾರೂ ಗಮನಿಸುವುದಿಲ್ಲ. 2010ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು 12 ವರ್ಷದ ಹುಡುಗನೊಬ್ಬನ ಎಡ ತೊಡೆಯಲ್ಲಿ ಇಂಥ ಕಲೆಯನ್ನು ವರದಿ ಮಾಡಿದರು. ಅವನು ಹಲವು ತಿಂಗಳು ದಿನಕ್ಕೆ ಕೆಲವು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡುತ್ತಿದ್ದ. ಈ ಕಲೆ ಹೊಸದಲ್ಲ. ಕಾಶ್ಮೀರದಲ್ಲಿ ಚಳಿಗಾಲದಲ್ಲಿ ಕೆಂಡದ ಕಾಂಗ್ಡಿಯನ್ನು ಫೆರನ್ ಒಳಗೆ ಹೊಟ್ಟೆಗೆ, ತೊಡೆಗೆ ಹಿಡಿದು ಕೂರುವವರಲ್ಲಿ ಇದನ್ನು ವೈದ್ಯರು ಹಿಂದಿನಿಂದಲೂ ಕಂಡಿದ್ದಾರೆ. ಹಲವು ವರ್ಷ ಹಾಗೇ ಮುಂದುವರಿದವರಲ್ಲಿ ಅದೇ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಬಂದದ್ದೂ ಇದೆ. ಲ್ಯಾಪ್‌ಟಾಪ್‌ನ ಬಿಸಿ ಕೆಂಡದಷ್ಟಲ್ಲ, ಹೆದರಬೇಕಾಗಿಲ್ಲ. ಆದರೆ ಕಲೆ ಕಂಡ ದಿನವೇ ಯಂತ್ರವನ್ನು ತೊಡೆಯಿಂದ ಇಳಿಸಬೇಕು. ಬೇಗ ನಿಲ್ಲಿಸಿದರೆ ಕಲೆ ನಿಧಾನವಾಗಿ ಮಾಸುತ್ತದೆ.

ಇನ್ನೊಂದು ಮಾತನ್ನು ನಾಚಿಕೆಯ ವಿಷಯವೆಂದು ನಾವು ಆಡುವುದೇ ಇಲ್ಲ. ಪುರುಷರ ವೃಷಣಗಳು ದೇಹದ ಹೊರಗಿರುವುದಕ್ಕೆ ಕಾರಣವಿದೆ: ವೀರ್ಯಾಣು ತಯಾರಾಗಲು ದೇಹಕ್ಕಿಂತ ಕೆಲವು ಡಿಗ್ರಿ ಕಡಿಮೆ ಉಷ್ಣತೆ ಬೇಕು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 29 ಆರೋಗ್ಯವಂತ ಯುವಕರನ್ನು ಒಂದು ಗಂಟೆ ತೊಡೆ ಜೋಡಿಸಿ ಕೂರಿಸಲಾಯಿತು. ಲ್ಯಾಪ್‌ಟಾಪ್ ಇಲ್ಲದೆಯೇ ಆ ಭಾಗದ ಉಷ್ಣತೆ ಸುಮಾರು 2.1 ಡಿಗ್ರಿ ಸೆಲ್ಸಿಯಸ್ ಏರಿತು. ಚಾಲೂ ಆಗಿರುವ ಲ್ಯಾಪ್‌ಟಾಪ್ ಇಟ್ಟಾಗ 2.6ರಿಂದ 2.8 ಡಿಗ್ರಿ ಏರಿತು. ಅಂದರೆ ಯಂತ್ರದ ಬಿಸಿಯಷ್ಟೇ ಅಲ್ಲ, ತೊಡೆಗಳನ್ನು ಒತ್ತಿ ಕೂರುವ ಭಂಗಿಯೂ ಕಾರಣ. ಇದರಿಂದ ಮಕ್ಕಳಾಗುವುದಿಲ್ಲ ಎಂದು ಆ ಅಧ್ಯಯನ ಸಾಬೀತು ಮಾಡಿಲ್ಲ. ಆದರೆ ಮದುವೆಯ ವಯಸ್ಸಿನ ಯುವಕರು ಯಂತ್ರವನ್ನು ಮೇಜಿನ ಮೇಲಿಡಲು ಇಷ್ಟು ಕಾರಣ ಸಾಲದೇ? ಮಕ್ಕಳಾಗಲಿಲ್ಲವೆಂದರೆ ಮೊದಲು ಸೊಸೆಯನ್ನೇ ಡಾಕ್ಟರ ಬಳಿಗೆ ಅಟ್ಟುವ ನಮ್ಮ ಹಿರಿಯರು ಇದನ್ನೂ ಓದಲಿ.

ಹಾಸಿಗೆ, ದಿಂಬು, ಸೋಫಾ ಯಂತ್ರಕ್ಕೂ ಒಳ್ಳೆಯದಲ್ಲ. ಗಾಳಿ ಎಳೆದುಕೊಳ್ಳುವ ರಂಧ್ರಗಳು ಸಾಮಾನ್ಯವಾಗಿ ಅಡಿಯಲ್ಲಿರುತ್ತವೆ. ಬಟ್ಟೆ ಅವನ್ನು ಮುಚ್ಚಿದರೆ ಒಳಗಿನ ಫ್ಯಾನ್ ಕಿರುಚಲು ಶುರುಮಾಡುತ್ತದೆ, ಯಂತ್ರ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಉಬ್ಬಿದ ಬ್ಯಾಟರಿ

ಬಿಸಿಯಿಂದ ಬೇಗ ಕೆಡುವುದು ಬ್ಯಾಟರಿ. ಹಳೆಯದಾದ ಲಿಥಿಯಂ ಬ್ಯಾಟರಿಯೊಳಗೆ ಅನಿಲ ತುಂಬಿ ಅದು ದಿಂಬಿನಂತೆ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದಿದೆಯೇ? ಮುಚ್ಚಳ ಮೊದಲಿನಂತೆ ಕೂರುತ್ತಿಲ್ಲವೇ? ಮೇಜಿನ ಮೇಲಿಟ್ಟಾಗ ಯಂತ್ರ ಅಲುಗಾಡುತ್ತಿದೆಯೇ? ಇವು ಅದರ ಲಕ್ಷಣಗಳು. ಒತ್ತಿ ಸರಿಮಾಡಲು ಹೋಗಬೇಡಿ, ಚುಚ್ಚಲೇಬೇಡಿ. ಬೆಂಕಿ ಹತ್ತಿಕೊಂಡೀತು. ಚಾರ್ಜರ್ ತೆಗೆದು, ಯಂತ್ರವನ್ನು ಆಫ್ ಮಾಡಿ, ಮಕ್ಕಳ ಕೈಗೆ ಸಿಗದಂತೆ ಹಾಸಿಗೆ ಬಟ್ಟೆಗಳಿಂದ ದೂರ ಇಟ್ಟು, ರಿಪೇರಿಯವರ ಬಳಿ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ಮನೆಯ ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ. ಸದಾ ಚಾರ್ಜರ್ ಹಾಕಿಯೇ ಬಳಸುವವರು, ಯಂತ್ರದಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಅದನ್ನು ಆನ್ ಮಾಡಿಕೊಳ್ಳಲಿ.

ಚಾರ್ಜರಿನ ಮೂರನೇ ಪಿನ್ ಬಗ್ಗೆಯೂ ಒಂದು ಮಾತು. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಝುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಸಿಗುತ್ತಿಲ್ಲವೆಂದು ತಿಳಿಯಿರಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿಗೆ ಸಿಕ್ಕಿಸಿರುವುದೇ ಬಹಳ ಸಲ ಇದಕ್ಕೆ ಕಾರಣ. ಮೂರು ಪಿನ್ ಹಾಕಿಯೂ ಹಾಗಾದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ವುಝೂ ಮಾಡಿ ಬಂದ ಒದ್ದೆ ಕೈಯಲ್ಲಿ ಚಾರ್ಜರ್ ತೆಗೆಯುವ ಅಭ್ಯಾಸ ಮಕ್ಕಳಲ್ಲಿದ್ದರೆ ಇಂದೇ ಬಿಡಿಸಿ.

ಒಳಗೆ ಏನನ್ನು ಹೆಚ್ಚಿಸಬಹುದು?

ಐದಾರು ವರ್ಷದ ಯಂತ್ರ ನಿಧಾನವಾದರೆ ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದರ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಿ. ಮೂರು ನಿಮಿಷಕ್ಕೆ ತೆರೆಯುತ್ತಿದ್ದದ್ದು ಅರ್ಧ ನಿಮಿಷದೊಳಗೆ ತೆರೆದೀತು. ತಿರುಗುವ ಭಾಗವಿಲ್ಲದ್ದರಿಂದ ಸದ್ದೂ ಇಲ್ಲ. ಯಂತ್ರಕ್ಕಾಗಿ ಕಾಯುತ್ತಾ ಬೆನ್ನು ಬಾಗಿಸಿ ಕೂರುವ ಹೊತ್ತೂ ಉಳಿಯಿತು. 4 ಜಿಬಿ ರ‍್ಯಾಮ್ ಇದ್ದರೆ 8ಕ್ಕೆ ಏರಿಸಬಹುದು, ಆದರೆ ಖಾಲಿ ಕಿಂಡಿ ಇರಬೇಕು ಅಥವಾ ಹಳೆಯದನ್ನು ಬಿಚ್ಚಲು ಬರಬೇಕು. ತೆಳುವಾದ ಅನೇಕ ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಏನೂ ಮಾಡಲಾಗದು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಎಸ್‌ಎಸ್‌ಡಿಯಲ್ಲೂ ಸಾಟಾ, ಎನ್‌ವಿಎಂಇ ಎಂದು ಬೇರೆ ಬೇರೆ ಇವೆ. ಯಂತ್ರ ಒಯ್ದು ತೋರಿಸದೆ ಕೊಳ್ಳಬೇಡಿ. ಒಯ್ಯುವ ಮೊದಲು ಮನೆಯವರ ಫೋಟೋ, ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಹೆಂಗಸರ ಖಾಸಗಿ ಫೋಟೋಗಳು ಇರುವ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಕೇಳಿ ಪಡೆಯಿರಿ. ಯಂತ್ರ ಬಿಚ್ಚಿದಾಗಲೇ ಫ್ಯಾನಿನ ಧೂಳನ್ನೂ ತೆಗೆಸಿ.

ಸ್ವಚ್ಛತೆ

ಊಟದ ತಟ್ಟೆಯನ್ನು ಪ್ರತಿದಿನ ತೊಳೆಯುತ್ತೇವೆ. ಐದು ಜನರ ಕೈ ಬೀಳುವ ಕೀಬೋರ್ಡನ್ನು ಕೊಂಡ ದಿನದಿಂದ ಒರೆಸಿರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಶೀತ ಅಥವಾ ಕಣ್ಣುಬೇನೆ ಬಂದಾಗ ಇದು ಎಲ್ಲರಿಗೂ ದಾಟುವ ಒಂದು ದಾರಿ. ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆದು, ತಲೆಕೆಳಗಾಗಿ ಹಿಡಿದು ಮೆಲ್ಲಗೆ ತಟ್ಟಿ. ಕಳೆದ ರಮಝಾನಿನ ಸಮೋಸದ ಚೂರೂ ಬಿದ್ದೀತು! ಬಳಿಕ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಸ್ವಲ್ಪವೇ ತೇವ ಮಾಡಿದ ಮೆತ್ತನೆಯ ಬಟ್ಟೆಯಿಂದ ಕೀಗಳನ್ನು ಒರೆಸಿ. ನೇರವಾಗಿ ಸ್ಪ್ರೇ ಮಾಡಬಾರದು. ಬ್ಲೀಚ್, ಉಗುರುಬಣ್ಣ ತೆಗೆಯುವ ದ್ರವ ಬೇಡವೇ ಬೇಡ. ಪರದೆಗೆ ಒಣ ಮೈಕ್ರೋಫೈಬರ್ ಬಟ್ಟೆ ಸಾಕು.

ಚಹಾ ಚೆಲ್ಲಿದರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ ಚಾರ್ಜರ್ ತೆಗೆಯಿರಿ, ಪವರ್ ಬಟನ್ ಒತ್ತಿ ಹಿಡಿದು ಯಂತ್ರ ಆಫ್ ಮಾಡಿ. ಮುಚ್ಚಳ ತೆರೆದು ಡೇರೆಯಂತೆ ಕವುಚಿ ನಿಲ್ಲಿಸಿ. ಒಣಗಿತೇ ಎಂದು ಆನ್ ಮಾಡಿ ನೋಡುವ ಆತುರವೇ ಹೆಚ್ಚಿನ ಯಂತ್ರಗಳನ್ನು ಕೊಲ್ಲುತ್ತದೆ. ಅಕ್ಕಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ, ಅಕ್ಕಿಯ ಪುಡಿ ಒಳಗೆ ಸೇರುತ್ತದೆ ಅಷ್ಟೆ.

ಕಿವಿಯೊಳಗೆ ತೂರಿಸುವ ಇಯರ್‌ಫೋನನ್ನು ಅಣ್ಣ ತಮ್ಮಂದಿರು ಹಂಚಿಕೊಳ್ಳದಿರಲಿ. 3.5 ಮಿಲಿಮೀಟರಿನ ದುಂಡು ಕಿಂಡಿಗೆ ಕಿವಿಯನ್ನು ಹೊರಗಿನಿಂದ ಮುಚ್ಚುವ ಹೆಡ್‌ಫೋನ್ ಹಾಕಿದರೆ ಒರೆಸುವುದೂ ಸುಲಭ. ಧ್ವನಿಯನ್ನು ಅರ್ಧದಷ್ಟಕ್ಕೆ ಇಡಿ. ಕ್ಯಾಮೆರಾಕ್ಕೆ ಸರಿಸುವ ಮುಚ್ಚಳವಿದ್ದರೆ ಮಾತುಕತೆ ಮುಗಿದ ಕೂಡಲೇ ಸರಿಸಿ. ಇಲ್ಲದಿದ್ದರೆ ತೆಳುವಾದ ಕಾಗದದ ಚೂರು ಅಂಟಿಸಿ. ದಪ್ಪ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ ಲ್ಯಾಪ್‌ಟಾಪ್ ಮುಚ್ಚಿದರೆ ಪರದೆ ಬಿರುಕು ಬಿಡುತ್ತದೆ.

ಎಷ್ಟೇ ಒಳ್ಳೆಯ ಜೋಡಣೆಯಾದರೂ ಕದಲದೆ ಕೂತವರಿಗೆ ನೋವು ತಪ್ಪಿದ್ದಲ್ಲ. ನಮಾಝ್ ವ್ಯಾಯಾಮವಲ್ಲ, ಇಬಾದತ್. ಆದರೂ ಅಝಾನ್ ಕೇಳಿದ ಕೂಡಲೇ ಎದ್ದು ಹೋಗುವವನಿಗೆ ಬೆನ್ನು ನೆಟ್ಟಗೆ ಮಾಡಲು ಒಂದು ಅವಕಾಶ ಸಿಗುತ್ತದೆ. ಝುಹರ್‌ನಿಂದ ಅಸರ್‌ಗೆ ಮೂರು ಗಂಟೆಯಷ್ಟು ಅಂತರವಿರುವುದರಿಂದ ಅದೊಂದೇ ಸಾಲದು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ, ಕಣ್ಣುರಿಗೆ ಮುಖ್ಯ ಕಾರಣ ಇದೇ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಯಾವುದನ್ನಾದರೂ 20 ಸೆಕೆಂಡು ನೋಡಿ. ಅಂಗಳದ ತೆಂಗಿನಮರವಾದರೂ ಆದೀತು.

ಇಷ್ಟೆಲ್ಲ ಮಾಡಿಯೂ ಕುತ್ತಿಗೆಯ ನೋವು ತೋಳಿಗೆ ಇಳಿಯುತ್ತಿದ್ದರೆ, ರಾತ್ರಿ ಕೈಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಹಿಡಿದ ಲೋಟ ಜಾರುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅದು ನರ ಒತ್ತಿಕೊಂಡಿರುವ ಲಕ್ಷಣವಿರಬಹುದು, ವೈದ್ಯರಿಗೆ ತೋರಿಸಿ. ಹೋದಾಗ ನೀವು ದಿನಕ್ಕೆ ಎಷ್ಟು ಗಂಟೆ, ಹೇಗೆ ಕೂತು ಲ್ಯಾಪ್‌ಟಾಪ್ ಬಳಸುತ್ತೀರಿ ಎಂಬುದನ್ನೂ ಹೇಳಿ. ಸಾಧ್ಯವಾದರೆ ಕೂತಿರುವಾಗ ಪಕ್ಕದಿಂದ ತೆಗೆದ ಒಂದು ಫೋಟೋ ಮೊಬೈಲಿನಲ್ಲಿರಲಿ.