ಬಣ್ಣದ ಮೀನಿಗೆ ಬ್ಯಾಡಗಿ ಮೆಣಸಿನಕಾಯಿ

ಮೋಟೆಬೆನ್ನೂರಿನ ನಮ್ಮ ಹೊಲದಲ್ಲಿ ಬೋರ್‌ವೆಲ್ ಪಕ್ಕ ಆರು ಸಿಮೆಂಟು ತೊಟ್ಟಿಗಳಿವೆ. ಮೆಣಸಿನಕಾಯಿ ದರ ನೆಲ ಕಚ್ಚಿದ ವರ್ಷ ಕೈಖರ್ಚಿಗಾದರೂ ಆಗಲಿ ಎಂದು ಅವುಗಳಲ್ಲಿ ಅಲಂಕಾರಿಕ ಮೀನು ಬಿಟ್ಟೆ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್, ಜತೆಗೆ ಮರಿ ತಂದು ಬೆಳೆಸಿದ ಬಿಳಿ ಟೆಟ್ರಾ.

ಪಟ್ಟಣದ ಅಂಗಡಿಯವರೊಬ್ಬರು ಬಂದು ನೋಡಿದರು. "ಯಜಮಾನ್ರ, ಗಪ್ಪಿ ಚಲೋ ಅದಾವ್ರಿ. ಬಿಳೇ ಟೆಟ್ರಾ ಎಷ್ಟಿದ್ರೂ ಕೊಡ್ರಿ. ಬಣ್ಣಾ ನಾವ ಹಾಕಸ್ತೀವಿ" ಎಂದರು. ಜೋಡಿಗೆ ಎರಡು ರೂಪಾಯಿ ಜಾಸ್ತಿ. ಬಣ್ಣ ಹಾಕಿಸುವುದು ಎಂದರೇನು ಎಂದು ನಾನು ಕೇಳಲಿಲ್ಲ. 200 ಮೀನು ಆಮ್ಲಜನಕ ತುಂಬಿದ ಚೀಲದಲ್ಲಿ ಹೋದವು.

ತಿಂಗಳು ಕಳೆದು ಬಾಕಿ ಹಣಕ್ಕೆ ಹೋದಾಗ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಗುಲಾಬಿ, ನೀಲಿ, ಹಸಿರು ಟೆಟ್ರಾಗಳು! ಮಗಳಿಗೆಂದು ಹತ್ತು ತಂದೆ. ಮೂರು ವಾರದಲ್ಲಿ ಆರು ಸತ್ತವು. ಉಳಿದವುಗಳ ಬಣ್ಣ ತೊಳೆದ ಸೀರೆಯಂತಾಯಿತು. ಅದೇ ನೀರಿನಲ್ಲಿದ್ದ ನಮ್ಮ ಬಿಳಿ ಟೆಟ್ರಾ ಒಂದೂ ಸಾಯಲಿಲ್ಲ. "ಅಪ್ಪಾ, ಇವಕ್ಕ ಏನ್ ಮಾಡ್ಯಾರ?" ಎಂದು ಮಗಳು ಕೇಳಿದಳು. ಆಮೇಲೆ ಅಂಗಡಿಯ ಕೆಲಸದ ಹುಡುಗನೇ ಬಾಯಿಬಿಟ್ಟ. "ಸೂಜಿ ಚುಚ್ತಾರ್ರಿ."

ಹೀಗೆ ಬಣ್ಣ ತುಂಬುವುದು ಹೊಸತಲ್ಲ. ನಮ್ಮ ದೇಶದ ಕೆರೆ-ಹೊಳೆಗಳಲ್ಲಿ ಮೈಯೊಳಗಿನ ಮುಳ್ಳು ಹೊರಗೆ ಕಾಣುವ ಒಂದು ಸಣ್ಣ ಮೀನಿದೆ. ಪೇಟೆಯಲ್ಲಿ ಅದಕ್ಕೆ ಗ್ಲಾಸ್ ಫಿಶ್ ಎನ್ನುತ್ತಾರೆ. ಅದರ ಬೆನ್ನು, ಹೊಟ್ಟೆಯ ಅಂಚಿಗೆ ಸಣ್ಣ ಸೂಜಿಯಿಂದ ಹಲವು ಕಡೆ ಚುಚ್ಚಿ ಹೊಳೆಯುವ ಬಣ್ಣ ತುಂಬುತ್ತಾರೆ. ಒಂದು ಗೇಣಿಗಿಂತ ಎಷ್ಟೋ ಚಿಕ್ಕ ಜೀವಕ್ಕೆ ಆ ಸೂಜಿ ನಮಗೆ ಗಡಾರಿ ಇದ್ದಂತೆ. ಇನ್ನೊಂದು ವಿಧಾನದಲ್ಲಿ ಖಾರ ದ್ರಾವಣದಲ್ಲಿ ಅದ್ದಿ ಮೈಮೇಲಿನ ಲೋಳೆ ಕಳಚಿ, ಬಣ್ಣದ ನೀರಿಗೆ ಬಿಡುತ್ತಾರೆ. ಲೋಳೆಯೇ ಮೀನಿನ ಕವಚ. ಅದು ಹೋದರೆ ರೋಗಕ್ಕೆ ಬಾಗಿಲು ತೆರೆದಂತೆಯೇ. ಚುಚ್ಚಿಸಿಕೊಂಡ ಮೀನುಗಳಲ್ಲಿ ಲಿಂಫೋಸಿಸ್ಟಿಸ್ ಎಂಬ ವೈರಸ್ ಗಂಟುರೋಗ ಕಾಣಿಸಿಕೊಂಡಿದ್ದರಿಂದ ಬ್ರಿಟನ್ನಿನಲ್ಲಿ 1990ರ ದಶಕದಲ್ಲೇ ಇಂಥ ಮೀನು ಮಾರಬೇಡಿ ಎಂಬ ಚಳವಳಿ ಎದ್ದಿತು. ಇಷ್ಟಾದರೂ ಆ ಬಣ್ಣ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಮರಿಗಳಿಗಂತೂ ಬರುವುದಿಲ್ಲ. ಹಾರ್ಮೋನು ತಿನ್ನಿಸಿ ಹೆಣ್ಣುಮೀನಿಗೂ ಗಂಡಿನ ಬಣ್ಣ ತರಿಸುವುದೂ ಇದೆ. ಅಂಥ ಹೆಣ್ಣು ಮರಿ ಹಾಕುವ ಶಕ್ತಿ ಕಳೆದುಕೊಳ್ಳಬಹುದು.

ಅಮೆರಿಕದಲ್ಲಿ 2003ರ ಕೊನೆಗೆ ಮಾರಾಟಕ್ಕೆ ಬಂದ ಹೊಳೆಯುವ ಜೀಬ್ರಾ ಮೀನಿನ ಕಥೆ ಬೇರೆ. ಅದಕ್ಕೆ ಸೂಜಿಯಿಲ್ಲ. ಬೇರೆ ಕಡಲಜೀವಿಯ ವಂಶವಾಹಿ ಸೇರಿಸಿದ್ದು, ಬಣ್ಣ ಹುಟ್ಟಿನಿಂದಲೇ ಬರುತ್ತದೆ.

ಮುಂದಿನ ಸಲ ಅಂಗಡಿಯವರು ಫೋನ್ ಮಾಡಿದಾಗ ಟೆಟ್ರಾ ಕೊಡುವುದಿಲ್ಲ ಎಂದೆ. "ಹಂಗಾರ ಗಪ್ಪೀನೂ ಬ್ಯಾಡ ಬಿಡ್ರಿ" ಎಂದರು. ನನ್ನ ಹೆಂಡತಿಗೆ ಸಿಟ್ಟು. "ಮೆಣಸಿನಕಾಯೂ ಹೋತು, ಮೀನೂ ಹೋತು." ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಆ ತಿಂಗಳ ಕರೆಂಟು ಬಿಲ್ಲಿಗೂ ಪರದಾಡಿದೆವು.

ಬಣ್ಣದ ಮೋಸದ ಪೆಟ್ಟು ನಮ್ಮ ಮೆಣಸಿನಕಾಯಿಯವರಿಗೆ ಗೊತ್ತಿರುವುದೇ. ಖಾರದ ಪುಡಿಗೆ ಸುಡಾನ್ ಎಂಬ ಕಾರ್ಖಾನೆ ಬಣ್ಣ ಬೆರೆಸಿದ್ದು 2003ರಲ್ಲಿ ಯುರೋಪಿನಲ್ಲಿ ಪತ್ತೆಯಾಯಿತು. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ತಿನಿಸುಗಳನ್ನು ವಾಪಸು ತೆಗೆದರು. ಬೆರೆಸಿದವರು ಯಾರೋ, ಹೆಸರು ಕೆಟ್ಟಿದ್ದು ಮಾತ್ರ ಭಾರತದ ಮೆಣಸಿನಕಾಯಿಯದು.

ಹಾಗೆ ಯೋಚಿಸುತ್ತಿದ್ದಾಗಲೇ ಹೊಳೆದದ್ದು. ಮೀನು ತನ್ನ ಕೆಂಪು, ಹಳದಿ ಬಣ್ಣವನ್ನು ತಾನೇ ತಯಾರಿಸಲಾರದು. ತಿನ್ನುವ ಪಾಚಿ, ಸಣ್ಣ ಹುಳಗಳಿಂದ ಪಡೆಯುತ್ತದೆ. ಆ ವಸ್ತುವಿಗೆ ಕ್ಯಾರೊಟಿನಾಯ್ಡ್ ಎಂದು ಹೆಸರು. ಕ್ಯಾಪ್ಸಾಂತಿನ್ ಅದೇ ಕುಲದ್ದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಬ್ಯಾಡಗಿ ಕಾಯಿಯಿಂದ ಓಲಿಯೊರೆಸಿನ್ ತೆಗೆಯುವುದು ಇದಕ್ಕೇ ತಾನೆ? 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ.

ಮಾಡಿದ್ದು ಹೀಗೆ. ಕಡ್ಡಿ ಕಾಯಿಯ ತೊಟ್ಟು, ಬೀಜ ತೆಗೆದು ನುಣ್ಣಗೆ ಪುಡಿ ಮಾಡಿದೆ. ಅಕ್ಕಿ ತೌಡು, ಶೇಂಗಾ ಹಿಂಡಿ, ಒಣಮೀನಿನ ಪುಡಿ ಸೇರಿ ಒಂದು ಕಿಲೋಗೆ 20 ಗ್ರಾಂ ಖಾರದ ಪುಡಿ. ಈ ಬಣ್ಣ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಪುಡಿಯನ್ನು ಮೊದಲು ಎರಡು ಚಮಚ ಬೆಚ್ಚಗಿನ ಶೇಂಗಾ ಎಣ್ಣೆಯಲ್ಲಿ ನೆನೆಸಿ ಆಮೇಲೆ ಕಲಸಿದೆ. ಆವಿಯಲ್ಲಿ ಬೇಯಿಸಿ, ಶಾವಿಗೆ ಒತ್ತಿನಲ್ಲಿ ಒತ್ತಿ, ನೆರಳಿನಲ್ಲೇ ಒಣಗಿಸಿದೆ. ಬಿಸಿಲಿಗೆ ಬಣ್ಣ ಹೋಗುತ್ತದೆ. ಬೂಸ್ಟು ಹಿಡಿದ, ನೀರು ಹೊಡೆದ ಕಾಯಿ ಖಂಡಿತ ಬೇಡ. ಅದರ ವಿಷ ಮೀನನ್ನೂ ಬಿಡುವುದಿಲ್ಲ.

ಮೊದಲ ತಿಂಗಳು ಏನೂ ಕಾಣಲಿಲ್ಲ. ಎರಡನೇ ತಿಂಗಳ ಕೊನೆಗೆ ಗೋಲ್ಡ್‌ಫಿಶ್ ತೊಟ್ಟಿಯಲ್ಲಿ ವ್ಯತ್ಯಾಸ ಸ್ಪಷ್ಟ. ಪುಡಿ ಹಾಕದ ಪಕ್ಕದ ತೊಟ್ಟಿಯವು ಕಿತ್ತಳೆ, ಇವು ಕೆಂಪು. ಕೆಂಪು ಮೋಲಿಯೂ ಗಾಢವಾಯಿತು. ಗಪ್ಪಿಯಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. ಬಿಳಿ ಟೆಟ್ರಾ ಬಿಳಿಯಾಗಿಯೇ ಉಳಿಯಿತು. ಇಲ್ಲದ ಬಣ್ಣವನ್ನು ಮೇವು ಹುಟ್ಟಿಸದು, ಇರುವುದನ್ನು ಎತ್ತಿ ತೋರಿಸುತ್ತದೆ ಅಷ್ಟೆ. ಪುಡಿ ಹೆಚ್ಚು ಮಾಡಿ ನೋಡಿದೆ, ನೀರು ಕೆಂಪಾಗಿ ಮೇವು ಮಿಕ್ಕಿತು. ಮತ್ತೆ 20 ಗ್ರಾಮಿಗೇ ಬಂದೆ.

ಈಗ ಇಬ್ಬರು ಬೇರೆ ಅಂಗಡಿಯವರು ಗೋಲ್ಡ್‌ಫಿಶ್ ಒಯ್ಯುತ್ತಾರೆ. ಮೊದಲಿನಷ್ಟು ಆದಾಯವಿಲ್ಲ, ತೊಟ್ಟಿಗಳ ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ. ಟೆಟ್ರಾಗಳು ಮಾತ್ರ ಆರನೇ ತೊಟ್ಟಿಯಲ್ಲೇ ಇವೆ. ಬಿಳಿಯದನ್ನೇ ಇಷ್ಟಪಟ್ಟು ಒಯ್ಯುವವರಿದ್ದರೆ ಬರಲಿ.