ಕಡಲೆ ಕೀಳುವ ಮುಂಚೆ ಟೊಂಕ ಸಡಿಲಿಸಿ

ಬೇವೂರು ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿ ಸುಗ್ಗಿ ಬಂತೆಂದರೆ ಕೆಲಸವೆಲ್ಲ ಬಗ್ಗಿಯೇ. ಕಡಲೆ ಕೀಳುವುದು, ಬಿಳಿಜೋಳ ಕೀಳುವುದು, ಸಿವುಡು ಕಟ್ಟುವುದು, ಕಣಿಕೆ ಹೊರುವುದು. ಅದು ಮುಗಿಯಿತೆನ್ನುವಾಗ ತಿಪ್ಪೆಗೊಬ್ಬರದ ಹೆಡಗಿ ಕಾದಿರುತ್ತದೆ. 'ಟೊಂಕ ಹಿಡದೈತ್ರಿ, ನೆಟ್ಟಗ ನಿಂದ್ರಾಕ ಬರವಲ್ದು' ಎಂಬ ಮಾತು ಹೆಚ್ಚು ಕೇಳುವುದು ಈ ದಿನಗಳಲ್ಲೇ. ಹೆಣ್ಣುಮಕ್ಕಳಿಗಂತೂ ಮನೆಗೆ ಬಂದ ಮೇಲೂ ನೀರು, ಒಲೆ, ಕಸ ಎಂದು ಬಗ್ಗುವುದು ತಪ್ಪಿದ್ದಲ್ಲ. ಟೊಂಕ ಕೈಕೊಟ್ಟರೆ ಆ ಸುಗ್ಗಿಯ ಕೂಲಿಯೇ ಹೋದ ಹಾಗೆ.

ಚೀನೀಯರ ಪಂಚಾಂಗದಲ್ಲಿ ವಸಂತ ಶುರುವಾಗುವುದು ಫೆಬ್ರವರಿ 4ರ ಸುಮಾರಿಗೆ, ಮುಗಿಯುವುದು ಮೇ ಮೊದಲ ವಾರ. ಸರಿಯಾಗಿ ನಮ್ಮ ಸುಗ್ಗಿಯ ಕಾಲ. ಅವರ ಸುಮಾರು ಎರಡು ಸಾವಿರ ವರ್ಷ ಹಳೆಯ ವೈದ್ಯಗ್ರಂಥ 'ಹುವಾಂಗ್ದಿ ನೈಜಿಂಗ್' ಈ ಋತುವಿಗೆ ಹೇಳುವುದು ಸರಳ: ಬೇಗ ಏಳಿ, ಬಟ್ಟೆ ಸಡಿಲ ಮಾಡಿಕೊಳ್ಳಿ, ಅಂಗಳದಲ್ಲಿ ನಿಧಾನ ಅಡ್ಡಾಡಿ. ವಸಂತದಲ್ಲಿ ಪಿತ್ತಜನಕಾಂಗ ಬಲವಾಗುತ್ತದೆ, ಸ್ನಾಯು-ನರಗಳು ಅದರ ವಶ ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ಇಂದಿನ ಶರೀರಶಾಸ್ತ್ರ ಒಪ್ಪುವುದಿಲ್ಲ. ಆದರೆ ಅಡ್ಡಾಡುವ ಮಾತಿಗೆ ಬೇರೆ ಆಧಾರವಿದೆ.

ಬೆಳಗಿನ ಬೆನ್ನು

ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತವೆ. ಅದಕ್ಕೇ ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚೇ ಎತ್ತರವಿರುತ್ತೇವೆ. ಉಬ್ಬಿದ ಮೆತ್ತೆ ಬಿಗಿ. ಆಗ ಬಗ್ಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ಎದ್ದು ಓಡಾಡಿದ ಮೊದಲ ಒಂದು ತಾಸಿನಲ್ಲೇ ಉಬ್ಬು ಬಹಳಷ್ಟು ಇಳಿಯುತ್ತದೆ. ಹಳೇ ಟೊಂಕನೋವಿದ್ದವರು ಬೆಳಗಿನ ಹೊತ್ತು ಬಗ್ಗುವುದನ್ನು ಬಿಟ್ಟಾಗ ನೋವು ಕಡಿಮೆಯಾಯಿತೆಂದು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು.

ನಮಗೆ ತೊಡಕಿರುವುದು ಇಲ್ಲೇ. ಬಿಸಿಲೇರಿದರೆ ಕಡಲೆ ಕಾಯಿ ಉದುರುತ್ತದೆ. ಇಬ್ಬನಿ ಆರುವ ಮೊದಲೇ ಕೀಳಬೇಕು. ಹಾಸಿಗೆಯಿಂದೆದ್ದವರು ಟ್ರ್ಯಾಕ್ಟರ್ ಹತ್ತಿ ಹೊಲದಲ್ಲಿಳಿದು ಸೀದಾ ಬಗ್ಗುತ್ತಾರೆ. ಇದಕ್ಕೆ ಉಪಾಯವೆಂದರೆ ಅರ್ಧ-ಮುಕ್ಕಾಲು ತಾಸು ಮೊದಲೇ ಎದ್ದು ನಡೆದಾಡುವುದು, ಆಗುವುದಿದ್ದರೆ ಹೊಲಕ್ಕೆ ನಡೆದೇ ಹೋಗುವುದು. ಬದುವಿನ ಮೇಲೆ ನಿಂತು ಚೀನೀಯರ 'ಬಾದುವಾನ್‌ಜಿನ್' ವ್ಯಾಯಾಮದ ಎರಡು ತುಂಡು ಮಾಡಿ. ಒಂದು, ಬೆರಳು ಹೆಣೆದು ಅಂಗೈ ಆಕಾಶಕ್ಕೆ ಮಾಡಿ ಮೈ ಮೇಲಕ್ಕೆ ಎಳೆಯುವುದು. ಎರಡು, ಹಿಮ್ಮಡ ಎತ್ತಿ ಮೆಲ್ಲಗೆ ಇಳಿಸುವುದು, ಏಳು ಸಲ. ಖರ್ಚಿಲ್ಲ.

ಕೆಲಸದ ನಡುವೆ ಅರ್ಧ ತಾಸಿಗೊಮ್ಮೆ ಎದ್ದು ನಿಂತು, ಟೊಂಕದ ಮೇಲೆ ಕೈಯಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ. ಸಿವುಡು ಎತ್ತುವಾಗ ಮೊಣಕಾಲು ಮಡಚಿ, ಹೊರೆ ಮೈಗೆ ಹತ್ತಿರ ಇರಲಿ. ಗೊಬ್ಬರದ ಹೆಡಗಿಯನ್ನು ಅರ್ಧ ತುಂಬಿ, ಇಬ್ಬರು ಸೇರಿ ಎತ್ತಿ.

ಕಾವು ಸಾಕು, ಚುಟಿಗೆ ಬೇಡ

ಚೀನಾದಲ್ಲಿ ಮಾಚಿಪತ್ರೆ ಜಾತಿಯ ಒಣಎಲೆಯ ಬತ್ತಿ ಹೊತ್ತಿಸಿ ಚರ್ಮದ ಹತ್ತಿರ ಹಿಡಿದು ಕಾವು ಕೊಡುತ್ತಾರೆ. ನಮ್ಮ ದವನವೂ ಅದೇ ಕುಲದ ಗಿಡ. ಅದಕ್ಕಾಗಿ ಬತ್ತಿ ಹುಡುಕಬೇಕಾಗಿಲ್ಲ. ಹುರಿದ ಉಪ್ಪಿನ ಗಂಟಿನ ಕಾವು ಅದೇ ಕೆಲಸ ಮಾಡುತ್ತದೆ. ಗಂಟು ಮೊದಲು ಕೈಗೆ ತಾಗಿಸಿ ನೋಡಿ. ಕಾದ ಕಬ್ಬಿಣದ ಚುಟಿಗೆ ಮಾತ್ರ ಬೇಡವೇ ಬೇಡ. ಗಾಯ ಕೀವಾದರೆ ಟೊಂಕದ ಜತೆ ಅದನ್ನೂ ಸಾಕಬೇಕು.

ಅಕ್ಯುಪಂಕ್ಚರ್ ಸೂಜಿಯ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. 2016ರಲ್ಲಿ ಬ್ರಿಟನ್ನಿನ 'ನೈಸ್' ಸಂಸ್ಥೆ ಟೊಂಕನೋವಿಗೆ ಅದು ಬೇಡವೆಂದಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೇ ಟೊಂಕನೋವಿಗೆ ಕೊಡಬಹುದಾದ ಚಿಕಿತ್ಸೆಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ಇಬ್ಬರೂ ಒಪ್ಪುವುದು ವ್ಯಾಯಾಮವನ್ನು. ಸೂಜಿ ಹಾಕಿಸಿಕೊಳ್ಳುವುದಾದರೆ ತರಬೇತಾದವರ ಹತ್ತಿರವೇ ಹೋಗಿ. ಸೂಜಿ ಹೊಸದಿರಲಿ, ಪೊಟ್ಟಣ ನಿಮ್ಮೆದುರೇ ಒಡೆಯಲಿ.

ಯಾವಾಗ ಕಾಯಬಾರದು?

ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಉಚ್ಚೆ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ. ನೋವಿನ ಜತೆ ಜ್ವರ ಬಂದರೆ, ತೂಕ ಇಳಿದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು. ಮರದಿಂದಲೋ ಬಣವೆಯಿಂದಲೋ ಬಿದ್ದವರನ್ನು ತಿಕ್ಕಲು ಹೋಗಬೇಡಿ.

ಉಳಿದ ಟೊಂಕನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ದಿನಗಟ್ಟಲೆ ಮಲಗಬೇಡಿ, ಆಗುವಷ್ಟು ನಡೆದಾಡಿ. ಈ ಸಲ ಆಳುಗಳನ್ನು ಕರೆಯುವಾಗ ನಡೆದಾಡುವ ಆ ಅರ್ಧ ತಾಸನ್ನೂ ಕೂಲಿಯ ಲೆಕ್ಕಕ್ಕೆ ಹಿಡಿಯಿರಿ.