ವಿಜಯಪುರದ ಮೇಲೆ ಇನ್ನೊಂದು ಗುಮ್ಮಟ: ಕತ್ತಲು, ಕ್ಯಾಮೆರಾ ಮತ್ತು ಗ್ರಾಮಸಭೆ

ಆಕಾಶದ ಫೋಟೊಗ್ರಫಿ ಅಂದ್ರೆ ದುಡ್ಡಿದ್ದವರ ಹವ್ಯಾಸ ಅನ್ನೋ ಮಾತಿದೆ. ಖರ್ಚು ಇದೆ, ಸುಳ್ಳಲ್ಲ. ಆದರೆ ಇದಕ್ಕೆ ಬೇಕಾದ ಅತಿ ದುಬಾರಿ ಸಾಮಾನು ಬೆಂಗಳೂರಿನ ಯಾವ ಅಂಗಡಿಯಲ್ಲೂ ಸಿಗಲ್ಲ. ಅದು ಕತ್ತಲು. ಬಬಲೇಶ್ವರ, ತಿಕೋಟಾ ಸೀಮೆಯ ಜೈನಾಪುರದಂಥ ಊರಲ್ಲಿ ಅದು ಇನ್ನೂ ಮನೆ ಅಂಗಳದವರೆಗೆ ಬರುತ್ತದೆ. ಎಷ್ಟು ದಿನ ಅನ್ನೋದೇ ಪ್ರಶ್ನೆ. ಮೊದಲು ಯಂತ್ರ ಅರ್ಥ ಮಾಡಿಕೊಳ್ಳೋಣ, ಆಮೇಲೆ ಆ ಪ್ರಶ್ನೆಗೆ ಬರೋಣ.

ಚುಕ್ಕಿ ಯಾಕೆ ಗೆರೆಯಾಗುತ್ತೆ?

ಒಂದು ಡಿಗ್ರಿಯಲ್ಲಿ 3,600 ಆರ್ಕ್‌ಸೆಕೆಂಡ್. ಭೂಮಿ ಪ್ರತಿ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ತಿರುಗುತ್ತದೆ. ಶಟರನ್ನು ಎರಡು ನಿಮಿಷ ತೆರೆದಿಟ್ಟರೆ ನಕ್ಷತ್ರ ಅರ್ಧ ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅಗಲದಷ್ಟು ಜರುಗಿರುತ್ತದೆ. ಚಿತ್ರದಲ್ಲಿ ಚುಕ್ಕಿ ಬದಲು ಗೆರೆ. ಆದರೆ ನೆಬ್ಯುಲಾ, ಗ್ಯಾಲಕ್ಸಿಗಳ ಮಸುಕು ಬೆಳಕು ಸೇರಬೇಕಾದರೆ ಅಷ್ಟು ಹೊತ್ತು ಶಟರ್ ತೆರೆದಿರಲೇಬೇಕು.

ಇದಕ್ಕೆ ಉತ್ತರ ಈಕ್ವೆಟೋರಿಯಲ್ ಮೌಂಟ್. ಅದರ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರ ಇಟ್ಟರೆ, ಮೋಟಾರು ಭೂಮಿಯ ವೇಗದಲ್ಲೇ ಉಲ್ಟಾ ತಿರುಗಿ ಕ್ಯಾಮೆರಾವನ್ನು ನಕ್ಷತ್ರದ ಜೊತೆ ಒಯ್ಯುತ್ತದೆ. ಈ ಜೋಡಣೆಗೆ ಧ್ರುವ ನಕ್ಷತ್ರ ಗುರುತು. ವಿಜಯಪುರದ ಅಕ್ಷಾಂಶ ಸುಮಾರು 17 ಡಿಗ್ರಿ, ಹಾಗಾಗಿ ಧ್ರುವ ನಕ್ಷತ್ರವೂ ಉತ್ತರ ದಿಗಂತದಿಂದ ಅಷ್ಟೇ ಎತ್ತರದಲ್ಲಿದೆ. ಒಂದು ಬೇವಿನ ಗಿಡ ಸಾಕು, ಮುಚ್ಚಿಬಿಡುತ್ತೆ. ಉತ್ತರ ಬಯಲಾಗಿರುವ ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ಮಾಳಿಗೆಗಿಂತ ನೆಲ ಮೇಲು, ಯಾಕಂದ್ರೆ ಮಾಳಿಗೆ ಮೇಲೆ ಯಾರಾದರೂ ಓಡಾಡಿದರೆ ಮೌಂಟ್ ಅದುರುತ್ತದೆ.

ಆಟೋಗೈಡಿಂಗ್: ಕೂರಿಗೆಯ ಲೆಕ್ಕ

ಜೋಡಣೆ ಚೆನ್ನಾಗಿದ್ದರೂ ಮೌಂಟಿನೊಳಗಿನ ಹಲ್ಲುಚಕ್ರಗಳು ಪರಿಪೂರ್ಣವಲ್ಲ. ಕೆಲವು ನಿಮಿಷಗಳಿಗೊಮ್ಮೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ತೂಗುತ್ತವೆ. ಇಲ್ಲಿ ಬರುತ್ತದೆ ಆಟೋಗೈಡಿಂಗ್. ಮುಖ್ಯ ಕ್ಯಾಮೆರಾದ ಪಕ್ಕ ಒಂದು ಸಣ್ಣ ದೂರದರ್ಶಕ, ಅದಕ್ಕೊಂದು ಪುಟ್ಟ ಕ್ಯಾಮೆರಾ. ಅದು ಎರಡು ಸೆಕೆಂಡಿಗೊಮ್ಮೆ ನಕ್ಷತ್ರದ ಚಿತ್ರ ತೆಗೆದು ಲ್ಯಾಪ್‌ಟಾಪಿಗೆ ಕಳಿಸುತ್ತದೆ. ನಕ್ಷತ್ರ ಎಷ್ಟು ಸರಿದಿದೆ ಅಂತ ಸಾಫ್ಟ್‌ವೇರ್ ಅಳೆದು, ಅಷ್ಟನ್ನು ತಿದ್ದು ಅಂತ ಮೌಂಟಿಗೆ ಹೇಳುತ್ತದೆ. ಎಂಜಿನಿಯರಿಂಗ್ ಓದಿದವರಿಗೆ ಇದು ಕ್ಲೋಸ್ಡ್ ಲೂಪ್ ಕಂಟ್ರೋಲ್. ಕೂರಿಗೆ ಹಿಡಿದವರು ಸಾಲು ಸೊಟ್ಟಗಾಗದಂತೆ ಎತ್ತಿನ ಹಗ್ಗ ಎಳೀತಾ ಹೋಗ್ತಾರಲ್ಲ, ಅದೇ ಲೆಕ್ಕ.

ಈ ಕೆಲಸಕ್ಕೆ ಜಗತ್ತಿನಾದ್ಯಂತ ಹವ್ಯಾಸಿಗಳು ಬಳಸುವ 'ಪಿಎಚ್‌ಡಿ2' ಉಚಿತ, ಓಪನ್ ಸೋರ್ಸ್. ಚಿತ್ರಗಳನ್ನು ಒಂದರ ಮೇಲೊಂದು ಸೇರಿಸುವ 'ಸಿರಿಲ್' ಕೂಡ ಹಾಗೇ. ದುಡ್ಡು ಹೋಗೋದು ಮೌಂಟಿಗೆ. ಕೈಯಲ್ಲಿರುವ ಹಳೇ ಡಿಎಸ್‌ಎಲ್‌ಆರ್ ಸಾಕು, ಹೊಸ ಕ್ಯಾಮೆರಾದ ದುಡ್ಡನ್ನು ಮೌಂಟಿಗೆ ಹಾಕಿ. ಸಣ್ಣ ಟ್ರ್ಯಾಕರ್ ಕೊಳ್ಳುವುದಾದರೆ ಗೈಡಿಂಗ್ ಸೌಲಭ್ಯ ಇದೆಯಾ, ಒಂದೇ ಅಕ್ಷಕ್ಕಾ ಎರಡಕ್ಕಾ ಅಂತ ಮೊದಲೇ ಕೇಳಿ.

ಶುರು ಮಾಡುವವರು ಮೂರು ವಿಷಯ ಗಮನಿಸಬೇಕು.

ಒಂದು, 135 ಮಿಲಿಮೀಟರ್ ಆಸುಪಾಸಿನ ಲೆನ್ಸಿನಿಂದ ಆರಂಭಿಸಿ. ಪಿಕ್ಸೆಲ್ ಗಾತ್ರವನ್ನು (ಮೈಕ್ರಾನ್‌ಗಳಲ್ಲಿ) 206ರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ. 4 ಮೈಕ್ರಾನ್ ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ಲಿಗೆ ಸುಮಾರು 6 ಆರ್ಕ್‌ಸೆಕೆಂಡ್ ಬರುತ್ತೆ. ಗೈಡಿಂಗ್ ತಪ್ಪು ಎರಡು ಆರ್ಕ್‌ಸೆಕೆಂಡ್ ಇದ್ದರೂ ಚಿತ್ರದಲ್ಲಿ ಗೊತ್ತಾಗಲ್ಲ. ಉದ್ದದ ದೂರದರ್ಶಕ ಹಾಕಿದರೆ ಈ ರಿಯಾಯಿತಿ ಇಲ್ಲ.

ಎರಡು, ಗೈಡಿಂಗ್ ಇದೆ ಅಂತ ಧ್ರುವ ಜೋಡಣೆಯನ್ನು ಕಡೆಗಣಿಸಬೇಡಿ. ಜೋಡಣೆ ತಪ್ಪಿದ್ದರೆ ಗೈಡ್ ಮಾಡುವ ನಕ್ಷತ್ರ ನಿಂತಿರುತ್ತೆ, ಉಳಿದವು ಅದರ ಸುತ್ತ ತಿರುಗುತ್ತವೆ.

ಮೂರು, ಒಂದೇ ದೊಡ್ಡ ಎಕ್ಸ್‌ಪೋಶರ್ ಬೇಡ. ಎರಡೆರಡು ನಿಮಿಷದ 64 ಫ್ರೇಮ್ ಸೇರಿಸಿದರೆ ಚಿತ್ರದ ಕಾಳು ಕಾಳು ಗದ್ದಲ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಮಳೆಗಾಲ ಮುಗಿದ ಮೇಲೆ ಆಂಡ್ರೊಮಿಡಾ ಗ್ಯಾಲಕ್ಸಿ, ಚಳಿಗಾಲದಲ್ಲಿ ಓರಾಯನ್ ನೆಬ್ಯುಲಾ ಒಳ್ಳೆಯ ಗುರಿಗಳು. ಏಪ್ರಿಲ್, ಮೇನಲ್ಲಿ ದಕ್ಷಿಣಕ್ಕೆ ತಿರುಗಿ. ಲಂಡನ್ನಿನಿಂದ ಕಾಣದ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ನಮ್ಮಲ್ಲಿ ದಿಗಂತದಿಂದ ಸುಮಾರು 26 ಡಿಗ್ರಿ ಮೇಲೇರುತ್ತದೆ.

ಗೈಡಿಂಗ್ ತಿದ್ದಲಾಗದ್ದು

ಭೂಮಿಯ ತಿರುಗಾಟ, ಹಲ್ಲುಚಕ್ರದ ದೋಷ ಎರಡನ್ನೂ ಯಂತ್ರ ತಿದ್ದುತ್ತದೆ. ಆಕಾಶವೇ ಬೆಳಗಿದರೆ ಅದರ ಕೈಲಿ ಏನೂ ಆಗಲ್ಲ. ಗೋಳಗುಮ್ಮಟದ ಊರಿನ ಮೇಲೆ ರಾತ್ರಿ ಇನ್ನೊಂದು ಗುಮ್ಮಟ ಏಳುತ್ತದೆ, ಬೆಳಕಿನದು. ಬಬಲೇಶ್ವರದಿಂದ ನೋಡಿದರೆ ಈಶಾನ್ಯಕ್ಕೆ, ತಿಕೋಟಾದಿಂದ ಪೂರ್ವಕ್ಕೆ. ಹಿನ್ನೆಲೆಯ ಬೆಳಕು ಎರಡು ಪಟ್ಟಾದರೆ, ಮಸುಕು ಗ್ಯಾಲಕ್ಸಿಯ ಅದೇ ಗುಣಮಟ್ಟದ ಚಿತ್ರಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಸಮಯ ಬೇಕು.

ಇದು ಬರೀ ಹವ್ಯಾಸಿಗಳ ಗೋಳಲ್ಲ. 2011ರಿಂದ 2022ರವರೆಗೆ ಜನರೇ ಆಕಾಶ ನೋಡಿ ಕಳಿಸಿದ ಮಾಹಿತಿಯ ಮೇಲೆ, 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಹೆಚ್ಚಿನ ಮಾಹಿತಿ ಯುರೋಪ್, ಉತ್ತರ ಅಮೆರಿಕದ್ದು. ಆಕಾಶದ ಹೊಳಪು ವರ್ಷಕ್ಕೆ ಸರಾಸರಿ 9.6% ಏರುತ್ತಿದೆ ಅಂತ ಅದು ಹೇಳಿತು. ಅಂದರೆ, 250 ನಕ್ಷತ್ರ ಕಾಣುವ ಊರಲ್ಲಿ ಹುಟ್ಟಿದ ಮಗುವಿಗೆ 18 ತುಂಬುವಾಗ ಕಾಣೋದು ಬರೀ 100.

ಹಾಗಂತ ಕತ್ತಲನ್ನು ಸುಮ್ಮನೆ ಹಾಡಿ ಹೊಗಳಬೇಕಿಲ್ಲ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಕಾದು ಹೊಲಕ್ಕೆ ನೀರು ಬಿಡಲು ಹೋಗುವ ರೈತರಿಗೆ, ಸಂಜೆ ಬಸ್ಸಿಳಿದು ಮನೆಗೆ ನಡೆಯುವ ಹುಡುಗಿಯರಿಗೆ ಬೆಳಕು ಬೇಕೇ ಬೇಕು. ಕೇಳಬೇಕಾದ್ದು ಇಷ್ಟೇ: ಆ ಬೆಳಕು ಅವರ ಕಾಲಿನ ಮುಂದೆ ಬೀಳ್ತಿದೆಯಾ, ಮೋಡಕ್ಕೆ ಹೋಗ್ತಿದೆಯಾ? ಮೇಲೆ ಮುಚ್ಚಳವಿರುವ, ಕೆಳಮುಖ ಬೆಳಕಿನ ದೀಪ ಅದೇ ವ್ಯಾಟ್‌ನಲ್ಲಿ ರಸ್ತೆಗೆ ಹೆಚ್ಚು ಬೆಳಕು ಕೊಡುತ್ತೆ, ಆಕಾಶಕ್ಕೆ ಕಡಿಮೆ. ನೀಲಿ ಛಾಯೆಯ ಬಿಳಿ ಎಲ್‌ಇಡಿಗಿಂತ 3,000 ಕೆಲ್ವಿನ್‌ಗಿಂತ ಕೆಳಗಿನ ಹಳದಿ ಛಾಯೆ ವಾಸಿ.

ಫ್ರಾನ್ಸ್ 2018ರ ಕೊನೆಯಲ್ಲೇ ಇಂಥ ನಿಯಮ ತಂದಿತು. ನಮ್ಮಲ್ಲಿ ಲಡಾಖಿನ ಹಾನ್ಲೆಗೆ 2022ರಲ್ಲಿ ಕತ್ತಲ ಆಕಾಶದ ರಕ್ಷಣೆ ಸಿಕ್ಕಿತು. ಅಲ್ಲಿನ ವೀಕ್ಷಣಾಲಯ ನಡೆಸೋದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ವಿಜ್ಞಾನಿಗಳ ದೂರದರ್ಶಕಕ್ಕೆ ಸಿಕ್ಕ ಕಾಳಜಿ ಉಳಿದ ಹಳ್ಳಿಗಳಿಗೂ ಸಿಗಬೇಕಲ್ವಾ? ಬೀದಿದೀಪ ಗ್ರಾಮ ಪಂಚಾಯಿತಿಯ ಹೊಣೆ. ಹಾಗಾಗಿ ಈ ಮಾತು ಗ್ರಾಮಸಭೆಯಲ್ಲಿ ಎತ್ತಬಹುದಾದದ್ದು.

ಅಲ್ಲಿಗೆ ಬರಿಗೈಲಿ ಹೋಗಬೇಡಿ. ಪ್ರತಿ ಅಮಾವಾಸ್ಯೆ ಹತ್ತಿರದ ಒಂದು ತಿಳಿ ರಾತ್ರಿ, ಅದೇ ಕ್ಯಾಮೆರಾ, ಅದೇ ಐಎಸ್‌ಒ, ಅದೇ ಎರಡು ನಿಮಿಷ, ಅದೇ ದಿಕ್ಕು ಮತ್ತು ಎತ್ತರಕ್ಕೆ ಒಂದು ರಾ ಫ್ರೇಮ್ ತೆಗೆದಿಡಿ. ಸಿರಿಲ್‌ನಲ್ಲಿ ಅದರ ಹಿನ್ನೆಲೆಯ ಅಂಕಿ ನೋಡಿ, ತಾರೀಖಿನ ಜೊತೆ ಬರೆದಿಡಿ. ಎರಡು ವರ್ಷ ಹೀಗೆ ಮಾಡಿದರೆ, ದೀಪದ ಟೆಂಡರ್ ಚರ್ಚೆಗೆ ಬಂದಾಗ ಮೇಜಿನ ಮೇಲಿಡಲು ನಿಮ್ಮೂರಿನದೇ ಲೆಕ್ಕ ಇರುತ್ತದೆ.